ಟಾಮ್ ಜಾನ್‌ಸ್ಟನ್ ಸಿದ್ಧಾಂತವನ್ನು ಕೈಬಿಟ್ಟರೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬ್ರಿಟನ್ನಿನ ಕಾರ್ಮಿಕ ಚಳವಳಿಯ ವಿಚಾರ ಬಂದಾಗಲೆಲ್ಲ ನಾನು ಸ್ಕಾಟ್ಲೆಂಡಿನ ಟಾಮ್ ಜಾನ್‌ಸ್ಟನ್ ಅವರ ಹೆಸರನ್ನು ಎತ್ತುತ್ತೇನೆ, ಎತ್ತಿದಾಗಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತದೆ. ಭೂಮಾಲೀಕ ಮನೆತನಗಳನ್ನು ಹೆಸರು ಹಿಡಿದು ಖಂಡಿಸಿ ಪುಸ್ತಕ ಬರೆದವರು, ಮೂವತ್ತು ವರ್ಷಗಳ ನಂತರ ಚರ್ಚಿಲ್ ಅವರ ಸರ್ಕಾರದಲ್ಲಿ ಮಂತ್ರಿಯಾಗಿ, ಎದುರಾಳಿ ಪಕ್ಷಗಳ ಮಾಜಿ ಸಚಿವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಳಿತ ನಡೆಸಿದರಲ್ಲ, ಇದು ಸಿದ್ಧಾಂತವನ್ನು ಕೈಬಿಟ್ಟಂತೆ ಆಗಲಿಲ್ಲವೇ? ಆಗಲಿಲ್ಲ ಎಂಬುದು ನನ್ನ ಉತ್ತರ. ಪತ್ರಕರ್ತರಾಗಿ ಅವರು ಏನನ್ನು ಕೇಳುತ್ತಿದ್ದರೋ ಅದರ ಬಹುಪಾಲನ್ನು ಮಂತ್ರಿಯಾಗಿ ಮಾಡಿ ತೋರಿಸಿದರು, ಕೇಳುವ ದನಿ ಮಾತ್ರ ಬದಲಾಗಿತ್ತು.

ಜಾನ್‌ಸ್ಟನ್ ಹುಟ್ಟಿದ್ದು 1881ರಲ್ಲಿ, ಗ್ಲಾಸ್ಗೋ ನಗರದ ಸಮೀಪದ ಕಿರ್ಕಿಂಟಿಲೋಕ್ ಎಂಬ ಸಣ್ಣ ಪಟ್ಟಣದಲ್ಲಿ. 1906ರಲ್ಲಿ, ಇಪ್ಪತ್ತೈದು ತುಂಬುವ ಹೊತ್ತಿಗೆ, ‘ಫಾರ್ವರ್ಡ್’ ಎಂಬ ಸಮಾಜವಾದಿ ವಾರಪತ್ರಿಕೆಯನ್ನು ಆರಂಭಿಸಿದರು. ಸ್ಕಾಟ್ಲೆಂಡಿನ ಕುಲೀನ ಮನೆತನಗಳು ತಮ್ಮ ಜಮೀನನ್ನು ಯಾವ ಯಾವ ದಾರಿಯಲ್ಲಿ ಗಳಿಸಿದವು ಎಂಬುದನ್ನು ವಂಶವಂಶವಾಗಿ ಬಿಡಿಸಿಟ್ಟ ಆ ಪುಸ್ತಕ 1909ರಲ್ಲಿ ಹೊರಬಂತು. ಅದರಲ್ಲಿ ಸಿಟ್ಟಿದೆ, ಅಷ್ಟೇ ಪ್ರಮಾಣದಲ್ಲಿ ಪರಿಶ್ರಮವೂ ಇದೆ.

ಆ ವರ್ಷಗಳ ಜಾನ್‌ಸ್ಟನ್ ಎಂಥವರೆಂದು ತಿಳಿಯಬೇಕಾದರೆ 1915ರ ಕ್ರಿಸ್‌ಮಸ್ ದಿನವನ್ನು ನೋಡಬೇಕು. ಅಂದು ಮದ್ದುಗುಂಡು ಖಾತೆಯ ಸಚಿವ ಲಾಯ್ಡ್ ಜಾರ್ಜ್ ಗ್ಲಾಸ್ಗೋದ ಸೇಂಟ್ ಆಂಡ್ರ್ಯೂಸ್ ಸಭಾಂಗಣದಲ್ಲಿ ಕಾರ್ಮಿಕರನ್ನು ಉದ್ದೇಶಿಸಿ ಮಾತನಾಡಲು ಬಂದಿದ್ದರು. ಸಭೆ ಅವರ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಕೂಗು, ಹಾಡು, ಗದ್ದಲಗಳ ನಡುವೆ ಭಾಷಣ ಮುಳುಗಿಹೋಯಿತು. ಉಳಿದ ಪತ್ರಿಕೆಗಳು ಸರ್ಕಾರ ಒಪ್ಪಿದ ಸೌಮ್ಯವಾದ ವರದಿಯನ್ನೇ ಮುದ್ರಿಸಿದರೆ, ‘ಫಾರ್ವರ್ಡ್’ ನಡೆದದ್ದನ್ನು ನಡೆದ ಹಾಗೆಯೇ ಅಚ್ಚು ಮಾಡಿತು. ಯುದ್ಧಕಾಲದ ಕಾನೂನಿನ ಬಲದಿಂದ ಸರ್ಕಾರ ಪತ್ರಿಕೆಯನ್ನು ಕೆಲವು ವಾರ ನಿಲ್ಲಿಸಿಬಿಟ್ಟಿತು.

1922ರಲ್ಲಿ ಅವರು ಸಂಸತ್ತಿಗೆ ಆಯ್ಕೆಯಾದರು. 1924ರ ಕೊನೆಯಲ್ಲಿ ಡಂಡೀ ನಗರದ ಪ್ರತಿನಿಧಿಯಾದರು, ಮತ್ತು ಇಲ್ಲಿ ಭಾರತದ ಓದುಗರು ಗಮನಿಸಬೇಕಾದ ಒಂದು ಸಂಗತಿಯಿದೆ. ಡಂಡೀ ಸೆಣಬಿನ ಗಿರಣಿಗಳ ಊರು. ಅದಕ್ಕೆ ಪೈಪೋಟಿ ಕೊಡುತ್ತಿದ್ದುದು ಕಲ್ಕತ್ತೆಯ ಬಳಿ ಹೂಗ್ಲಿ ನದಿಯ ದಂಡೆಯ ಗಿರಣಿಗಳು, ಅವುಗಳಲ್ಲಿ ಅನೇಕ ವ್ಯವಸ್ಥಾಪಕರು ಡಂಡೀಯಿಂದಲೇ ಬಂದವರು. ಭಾರತದ ಕೂಲಿಕಾರರೇ ನಮ್ಮ ಅನ್ನ ಕಸಿಯುತ್ತಿದ್ದಾರೆ ಎಂದು ಡಂಡೀಯಲ್ಲಿ ಭಾಷಣ ಮಾಡಿ ಮತ ಪಡೆಯುವುದು ಬಹಳ ಸುಲಭವಿತ್ತು. ಜಾನ್‌ಸ್ಟನ್ ಹಾಗೆ ಮಾಡದೆ, ಸೆಣಬು ಕಾರ್ಮಿಕರ ಸಂಘದ ಕಾರ್ಯದರ್ಶಿ ಜಾನ್ ಸೈಮ್ ಅವರೊಂದಿಗೆ 1925ರಲ್ಲಿ ಬಂಗಾಳಕ್ಕೆ ಬಂದು ಗಿರಣಿಗಳನ್ನೂ ಕೂಲಿ ಲೈನುಗಳನ್ನೂ ಕಣ್ಣಾರೆ ಕಂಡರು. ಕೂಲಿ ಎಷ್ಟು ಕಡಿಮೆ, ಷೇರುದಾರರಿಗೆ ಹಂಚಿದ ಲಾಭ ಎಷ್ಟು ಹೆಚ್ಚು ಎಂಬುದನ್ನು ಅವರ ವರದಿ ಅಕ್ಕಪಕ್ಕದಲ್ಲಿ ಇಟ್ಟು ತೋರಿಸಿತು. ಡಂಡೀಯ ಕಾರ್ಮಿಕನ ಎದುರಾಳಿ ಬಂಗಾಳದ ಕಾರ್ಮಿಕನಲ್ಲ, ಇಬ್ಬರಿಂದಲೂ ಲಾಭ ಗಳಿಸುವ ಬಂಡವಾಳ ಎಂಬುದು ಅವರ ನಿಲುವಾಗಿತ್ತು. ತನ್ನದೇ ಮತದಾರರ ಎದುರು ಹೀಗೆ ಹೇಳಲು ಗಟ್ಟಿ ಮನಸ್ಸು ಬೇಕು.

1931ರಲ್ಲಿ ಅವರು ಸಂಪುಟ ಸೇರಿದರು. ಅದೇ ಆಗಸ್ಟ್ ತಿಂಗಳಲ್ಲಿ ನಿರುದ್ಯೋಗ ಭತ್ಯೆಯನ್ನು ಕಡಿತಗೊಳಿಸಲು ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಮುಂದಾದಾಗ ವಿರೋಧಿಸಿದ ಮಂತ್ರಿಗಳಲ್ಲಿ ಜಾನ್‌ಸ್ಟನ್ ಒಬ್ಬರು. ಸರ್ಕಾರ ಬಿತ್ತು, ನಂತರದ ಚುನಾವಣೆಯಲ್ಲಿ ಅವರೂ ಸೋತರು. ಸಿದ್ಧಾಂತ ಬಿಟ್ಟರು ಎನ್ನುವವರು ಈ ಘಟನೆಯನ್ನು ಮರೆಯುತ್ತಾರೆ.

ಇನ್ನು ಚರ್ಚಿಲ್ ಅವರ ಕರೆಗೆ ಬರೋಣ. 1941ರ ಫೆಬ್ರುವರಿಯಲ್ಲಿ ಸ್ಕಾಟ್ಲೆಂಡ್ ಸಚಿವರಾಗುವಂತೆ ಚರ್ಚಿಲ್ ಕೇಳಿದಾಗ ಜಾನ್‌ಸ್ಟನ್ ಕೆಲವು ಷರತ್ತುಗಳನ್ನು ಹಾಕಿದರು. ಯುದ್ಧ ಮುಗಿಯುವವರೆಗೆ ಸಂಬಳ ತೆಗೆದುಕೊಳ್ಳುವುದಿಲ್ಲ ಎಂಬುದು ಒಂದು. ಬದುಕಿರುವ ಎಲ್ಲ ಮಾಜಿ ಸ್ಕಾಟ್ಲೆಂಡ್ ಸಚಿವರ, ಅವರು ಯಾವ ಪಕ್ಷದವರೇ ಆಗಿರಲಿ, ಒಂದು ಮಂಡಳಿ ರಚಿಸುತ್ತೇನೆ, ಆ ಮಂಡಳಿ ಒಮ್ಮತದಿಂದ ಒಪ್ಪಿದ ಯೋಜನೆಗೆ ಪ್ರಧಾನಿ ಬೆಂಬಲ ನೀಡಬೇಕು ಎಂಬುದು ಇನ್ನೊಂದು. ಟೀಕಾಕಾರರ ಕಣ್ಣು ಕುಕ್ಕುವುದು ಈ ಮಂಡಳಿಯೇ. ನನ್ನ ದೃಷ್ಟಿಯಲ್ಲಿ ಅದು ಅವರ ಜಾಣ್ಮೆಯ ಶಿಖರ. ವಿರೋಧಿಸಬಹುದಾಗಿದ್ದವರನ್ನು ಮೊದಲೇ ಕರೆದು ಒಪ್ಪಿಸಿದ ಮೇಲೆ ಲಂಡನ್ನಿನಲ್ಲಿ ಅಡ್ಡ ಹಾಕುವವರು ಯಾರು ಉಳಿಯುತ್ತಾರೆ? ಒಪ್ಪಿಗೆ ಬಾರದ ಕಡೆ ಇನ್ನೊಂದು ಅಸ್ತ್ರವಿತ್ತು: ಕೇಳಿದ್ದನ್ನು ಕೊಡದಿದ್ದರೆ ಸ್ಕಾಟಿಷ್ ರಾಷ್ಟ್ರವಾದ ತಲೆ ಎತ್ತುತ್ತದೆ ಎಂದು ಎಚ್ಚರಿಸಿ ಅವರು ಸಂಪುಟದಲ್ಲಿ ಕೆಲಸ ಸಾಧಿಸಿಕೊಳ್ಳುತ್ತಿದ್ದ ಬಗೆಯನ್ನು ಸಹೋದ್ಯೋಗಿ ಹರ್ಬರ್ಟ್ ಮಾರಿಸನ್ ಮುಂದೆ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಅಧಿಕಾರ ಹಿಡಿದ ಮರು ತಿಂಗಳೇ ಕ್ಲೈಡ್‌ಬ್ಯಾಂಕ್ ಪಟ್ಟಣದ ಮೇಲೆ ಎರಡು ರಾತ್ರಿ ಬಾಂಬುಗಳ ಮಳೆ ಸುರಿಯಿತು. ಸುಮಾರು 12,000 ಮನೆಗಳಲ್ಲಿ ಹಾನಿಯಾಗದೆ ಉಳಿದವು ಬೆರಳೆಣಿಕೆಯಷ್ಟು. ಇಂತಹ ದಾಳಿಗಳ ಗಾಯಾಳುಗಳಿಗಾಗಿ ಲಾ, ಕಿಲ್ಲರ್ನ್, ರೇಗ್‌ಮೋರ್ ಮೊದಲಾದೆಡೆ ಹೊಸ ಆಸ್ಪತ್ರೆಗಳನ್ನು ಕಟ್ಟಲಾಗಿತ್ತು, ಆದರೆ ಅಷ್ಟೊಂದು ಗಾಯಾಳುಗಳು ಬರಲಿಲ್ಲ. ಒಂದೆಡೆ ಹಾಸಿಗೆಗಳು ಖಾಲಿ, ವೈದ್ಯರಿಗೆ ಕೆಲಸವಿಲ್ಲ. ಇನ್ನೊಂದೆಡೆ ಹರ್ನಿಯಾ ಮುಂತಾದ ಶಸ್ತ್ರಚಿಕಿತ್ಸೆಗಾಗಿ ದಾನಿಗಳ ಹಣದಲ್ಲಿ ನಡೆಯುವ ಆಸ್ಪತ್ರೆಗಳ ಪಟ್ಟಿಯಲ್ಲಿ ಬಡವರು ತಿಂಗಳುಗಟ್ಟಲೆ ಕಾಯುತ್ತಿದ್ದರು. ಜಾನ್‌ಸ್ಟನ್ ಈ ಎರಡನ್ನೂ ಜೋಡಿಸಿದರು. ಮೊದಲು ಕ್ಲೈಡ್ ನದಿಯ ಸುತ್ತಲಿನ ಯುದ್ಧಸಾಮಗ್ರಿ ಕಾರ್ಖಾನೆಗಳ ಕೆಲಸಗಾರರಿಗೆ, ಆಮೇಲೆ ಕಾಯುವವರ ಪಟ್ಟಿಯಲ್ಲಿದ್ದ ಇತರರಿಗೆ ಆ ಹಾಸಿಗೆಗಳನ್ನು ತೆರೆದರು. ಯುದ್ಧ ಮುಗಿಯುವಷ್ಟರಲ್ಲಿ ಪಟ್ಟಿಯಲ್ಲಿದ್ದ 30,000ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಸಿಕ್ಕಿತ್ತು. ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದದ್ದು 1948ರಲ್ಲಿ. ಅದಕ್ಕೂ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವುದು ಹೇಗಿರುತ್ತದೆ ಎಂಬುದನ್ನು ಸ್ಕಾಟ್ಲೆಂಡಿನ ಸಾವಿರಾರು ಕುಟುಂಬಗಳು ಕಂಡಿದ್ದವು. ಇದಕ್ಕಿಂತ ನೇರವಾದ ಸಮಾಜವಾದ ಯಾವುದಿದೆ?

ಆದರೂ ಅವರ ಹೆಸರನ್ನು ಉಳಿಸಿರುವುದು ನೀರು. ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಾದ ಹೈಲ್ಯಾಂಡ್ಸ್‌ನಲ್ಲಿ ಮಳೆಗೂ ಇಳಿಜಾರಿಗೂ ಕೊರತೆಯಿಲ್ಲ, ಆದರೆ ಅಲ್ಲಿನ ಕ್ರಾಫ್ಟರ್‌ಗಳ, ಎಂದರೆ ಸಣ್ಣ ಗೇಣಿದಾರರ, ಮನೆಗಳಲ್ಲಿ ನೂರಕ್ಕೆ ಒಂದರಲ್ಲಿ ಮಾತ್ರ ವಿದ್ಯುತ್ ಇತ್ತು ಎಂಬುದು ಆ ಕಾಲದ ಅಂದಾಜು. ಜಲವಿದ್ಯುತ್ ಯೋಜನೆಗಳು ಸಂಸತ್ತಿಗೆ ಬಂದಾಗಲೆಲ್ಲ ಭೂಮಾಲೀಕರು, ಸಾಲ್ಮನ್ ಮೀನಿನ ಹಕ್ಕುದಾರರು, ಕಲ್ಲಿದ್ದಲು ಹಿತಾಸಕ್ತಿಯವರು ಒಟ್ಟಾಗಿ ಸೋಲಿಸುತ್ತಿದ್ದರು. ಜಾನ್‌ಸ್ಟನ್ ನ್ಯಾಯಾಧೀಶ ಲಾರ್ಡ್ ಕೂಪರ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿ, ಅದರ ವರದಿಯನ್ನು ಆಧಾರವಾಗಿಟ್ಟುಕೊಂಡು 1943ರಲ್ಲಿ ಕಾಯಿದೆ ತಂದು, ಉತ್ತರ ಸ್ಕಾಟ್ಲೆಂಡಿನ ಜಲವಿದ್ಯುತ್ ಮಂಡಳಿಯನ್ನು ಸ್ಥಾಪಿಸಿದರು. ಆ ಪ್ರದೇಶದ ಆರ್ಥಿಕ ಬೆಳವಣಿಗೆಗೂ ಸಾಮಾಜಿಕ ಸುಧಾರಣೆಗೂ ಮಂಡಳಿ ನೆರವಾಗಬೇಕು ಎಂದು ಕಾಯಿದೆಯಲ್ಲಿಯೇ ಬರೆಸಿದರು. ದಕ್ಷಿಣದ ನಗರಗಳಿಗೆ ವಿದ್ಯುತ್ ಮಾರುವುದು, ಬಂದ ಹಣದಲ್ಲಿ ನಷ್ಟವೆಂದು ಗೊತ್ತಿದ್ದರೂ ದೂರದ ಕಣಿವೆಗಳಿಗೆ ಕಂಬ ನೆಟ್ಟು ತಂತಿ ಎಳೆಯುವುದು, ಇದು ಅದರ ಲೆಕ್ಕಾಚಾರ.

1946ರಿಂದ 1959ರವರೆಗೆ ಅವರೇ ಆ ಮಂಡಳಿಯ ಅಧ್ಯಕ್ಷರಾಗಿದ್ದರು. ಲೋಕ್ ಲೋಮಂಡ್ ಸರೋವರದ ದಡದಲ್ಲಿ 1950ರಲ್ಲಿ ಉದ್ಘಾಟನೆಯಾದ ಸ್ಲಾಯ್ ವಿದ್ಯುದಾಗಾರಕ್ಕೆ ಬೆಟ್ಟದ ಹಿಂದಿನ ಸರೋವರದಿಂದ ನೀರು ಸುರಂಗದ ಮೂಲಕ ಹರಿದು, ನಾಲ್ಕು ದೊಡ್ಡ ಕೊಳವೆಗಳಲ್ಲಿ ಇಳಿದು ಬರುತ್ತದೆ. ಒಟ್ಟು ಇಳಿತ 277 ಮೀಟರ್. ಕರೆ ಬಂದ ಕೆಲವೇ ನಿಮಿಷಗಳಲ್ಲಿ ಟರ್ಬೈನುಗಳು ಪೂರ್ಣ ವೇಗಕ್ಕೆ ಏರುವುದರಿಂದ, ಗ್ಲಾಸ್ಗೋದ ಸಂಜೆಯ ಬೇಡಿಕೆಗೆ ಅದು ತಕ್ಕುದಾಯಿತು. ಅದನ್ನು ಕಟ್ಟುವಾಗ 21 ಕೆಲಸಗಾರರು ಪ್ರಾಣ ಕಳೆದುಕೊಂಡರು ಎಂಬುದನ್ನೂ ಹೇಳಲೇಬೇಕು. ಪಿಟ್‌ಲೋಕ್ರಿಯಲ್ಲಿ ಅಣೆಕಟ್ಟಿಗೆ ಊರಿನವರ ವಿರೋಧ ತೀವ್ರವಾಗಿತ್ತು. ಅಲ್ಲಿ ಮೊಟ್ಟೆಯಿಡಲು ನದಿಯ ಮೇಲ್ಭಾಗಕ್ಕೆ ಈಜಿ ಹೋಗುವ ಸಾಲ್ಮನ್‌ಗಳಿಗಾಗಿ 34 ಕೊಳಗಳನ್ನು ಮೆಟ್ಟಿಲಿನಂತೆ ಜೋಡಿಸಿ 310 ಮೀಟರ್ ಉದ್ದದ ದಾರಿ ಕಟ್ಟಿದರು. ಇಂದು ಪ್ರವಾಸಿಗರು ಪಿಟ್‌ಲೋಕ್ರಿಗೆ ಹೋದಾಗ ತಪ್ಪದೆ ನೋಡುವುದು ಆ ಅಣೆಕಟ್ಟನ್ನೇ.

ಪ್ರಶ್ನೆ ಕೇಳುವವರ ಒಂದು ಆಕ್ಷೇಪವನ್ನು ಮಾತ್ರ ನಾನು ಒಪ್ಪುತ್ತೇನೆ. ಯೌವನದಲ್ಲಿ ಸ್ಕಾಟ್ಲೆಂಡಿಗೆ ಸ್ವಂತ ಶಾಸನಸಭೆ ಬೇಕೆಂದು ವಾದಿಸಿದ್ದ ಜಾನ್‌ಸ್ಟನ್, ಅಧಿಕಾರ ಕೈಗೆ ಬಂದಾಗ ಜನರು ಆರಿಸದ ಮಂಡಳಿಗಳ ಮೂಲಕವೇ ಎಲ್ಲವನ್ನೂ ನಡೆಸಿದರು. ಯುದ್ಧಕಾಲದಲ್ಲಿ ಅದಕ್ಕೆ ಕಾರಣವಿತ್ತು, ನಂತರದ ವರ್ಷಗಳಲ್ಲಿ ಅಷ್ಟು ಇರಲಿಲ್ಲ. ತಾವು ಸಮರ್ಥರಾಗಿದ್ದರಿಂದ ವ್ಯವಸ್ಥೆ ಸರಿಯಾಗಿ ನಡೆಯುತ್ತಿದೆ ಎಂಬುದನ್ನು ಅವರು ಸಾಕಷ್ಟು ಗಮನಿಸಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಹಾಗೆಂದು ಅವರು ಕುಲೀನರ ಸಾಲಿಗೆ ಸೇರಿಕೊಂಡರು ಎನ್ನುವುದು ಸುಳ್ಳು. 1945ರಲ್ಲಿ ಸಂಸತ್ತನ್ನು ಬಿಟ್ಟ ಮೇಲೆ ಅವರು ಲಾರ್ಡ್ ಪದವಿಯನ್ನು ಸ್ವೀಕರಿಸಲಿಲ್ಲ. 1965ರ ಸೆಪ್ಟೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಟಾಮ್ ಜಾನ್‌ಸ್ಟನ್ ಆಗಿಯೇ ಉಳಿದರು.