ಪಿಕಾರ್ಡ್‌ನ ಕೊಳಲು

ಇಂದು ಸಂಜೆ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯ ಜನಜಂಗುಳಿಯ ನಡುವೆ ಒಬ್ಬ ಕೊಳಲು ಮಾರುತ್ತಾ, ಊದುತ್ತಾ ನಿಂತಿದ್ದ. ತಟ್ಟನೆ ಕ್ಯಾಪ್ಟನ್ ಪಿಕಾರ್ಡ್ ನೆನಪಾದ.

‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಎಂಬ ಟಿವಿ ಸರಣಿಯಲ್ಲಿ ಅಂತರಿಕ್ಷ ನೌಕೆಯೊಂದರ ನಾಯಕ ಅವನು. ಅದರ ‘ದಿ ಇನ್ನರ್ ಲೈಟ್’ ಕಂತು. 1992ರದು. ನೋಡಿದವರಿಗೆ ಗೊತ್ತು.

ನೌಕೆಯಲ್ಲಿ ಪಿಕಾರ್ಡ್ ಪ್ರಜ್ಞೆ ತಪ್ಪಿ ಬಿದ್ದಿರುವುದು ಅರ್ಧ ಗಂಟೆಯೂ ಇಲ್ಲ. ಅಷ್ಟರಲ್ಲೇ ಕಟಾನ್ ಎಂಬ ಗ್ರಹದಲ್ಲಿ ಕಾಮಿನ್ ಎಂಬವನಾಗಿ ಇಡೀ ಬದುಕನ್ನು ಬಾಳುತ್ತಾನೆ. ಹೆಂಡತಿ, ಮಕ್ಕಳು, ಮೊಮ್ಮಗ. ಮಳೆ ಕಾಣದೆ ಒಣಗುವ ನೆಲ. ಕೊಳಲು ಕಲಿಯುತ್ತಾನೆ, ಮುದುಕನಾಗುತ್ತಾನೆ. ಎಚ್ಚರವಾದಾಗ ತಿಳಿಯುತ್ತದೆ: ಆ ಲೋಕ ಸಾವಿರ ವರ್ಷಗಳ ಹಿಂದೆಯೇ ಅಳಿದಿದೆ.

ಯುದ್ಧವಿಲ್ಲ, ಖಳನಿಲ್ಲ. ತಮ್ಮನ್ನು ಯಾರಾದರೂ ನೆನಪಿಟ್ಟುಕೊಳ್ಳಲಿ ಎಂದು ಆ ಜನ ಕಳುಹಿಸಿದ ಶೋಧನೌಕೆಯೇ ಅವನಿಗೆ ಆ ಬದುಕನ್ನು ತೋರಿಸಿದ್ದು. ಅದರೊಳಗೆ ಒಂದು ಪೆಟ್ಟಿಗೆ, ಅದರಲ್ಲಿ ಪುಟ್ಟ ಕೊಳಲು. ಅವನು ಅದನ್ನು ಎದೆಗವಚಿಕೊಳ್ಳುತ್ತಾನೆ. ಆಮೇಲೆ ನುಡಿಸುತ್ತಾನೆ. ಕಲಿತದ್ದು ಬೇರೊಬ್ಬನ ಬದುಕಿನಲ್ಲಿ, ಆದರೆ ಬೆರಳುಗಳಿಗೆ ಎಲ್ಲವೂ ಗೊತ್ತಿದೆ! ಅಲ್ಲಿ ಪ್ರತಿ ಸಲವೂ ನನ್ನ ಕಣ್ಣು ತುಂಬುತ್ತದೆ. (ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯೂ ಈ ಕಂತಿಗೆ ಬಂದಿದೆ, ಬಾರದಿದ್ದರೂ ನಾನು ಹೀಗೆಯೇ ಹೇಳುತ್ತಿದ್ದೆ.)

ನೋಡದವರು ಈ ಭಾನುವಾರ ನೋಡಿ. ಇಡೀ ಸರಣಿ ಬೇಡ, ಈ ಒಂದು ಕಂತು ಸಾಕು. ನೋಡಿದ ಮೇಲೆ ನನಗೆ ಕರೆ ಮಾಡಿ.