ಸುಮ್ನೆ ರನ್‌ಇಟ್ ಬಿಲ್ಡ್ ಮಾಡಿದೆ

ಇವತ್ತು ಹಳೇ ಲ್ಯಾಪ್‌ಟಾಪ್‌ನಲ್ಲಿ ರನ್‌ಇಟ್ 2.1.2 ಸೋರ್ಸ್‌ನಿಂದ ಬಿಲ್ಡ್ ಮಾಡಿದೆ. ಗೆರಿಟ್ ಪಾಪೆ ಬರೆದ ಪುಟ್ಟ ಸರ್ವಿಸ್ ಮ್ಯಾನೇಜರ್ ಇದು, ಅಂದ್ರೆ ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಮ್‌ಗಳನ್ನು ಎಬ್ಬಿಸಿ ನೋಡ್ಕೊಳ್ಳೋದು; ವಾಯ್ಡ್ ಅನ್ನೋ ಲಿನಕ್ಸ್ ಬೂಟ್ ಆಗೋದೇ ಇದರಿಂದ. ಬಹಳಷ್ಟು ಲಿನಕ್ಸ್‌ಗಳಲ್ಲಿ ಇದೇ ಕೆಲಸ ಮಾಡೋ ಸಿಸ್ಟಮ್‌ಡಿ ಆದ್ರೆ ಬಿಲ್ಡ್ ಮಾಡೋಕೆ ಮೆಸನ್, ನಿಂಜಾ, ಜಿಪರ್ಫ್ ಅಂತ ಬೇರೆ ಬೇರೆ ಟೂಲ್ ಬೇಕು. ಇದಕ್ಕೆ ಒಂದು ಸಿ ಕಂಪೈಲರ್, ಒಂದು ಮೇಕ್, ಅಷ್ಟೇ. ಚಹಾ ಆರೋದ್ರೊಳಗೆ ಮುಗೀತು.

ಕಾನ್ಫಿಗರ್ ಮಾಡೋದೇ ಮಜಾ. ಪ್ರತಿ ಸರ್ವಿಸ್‌ಗೂ ಒಂದು ಫೋಲ್ಡರ್, ಒಳಗೆ 'ರನ್' ಅನ್ನೋ ಶೆಲ್ ಸ್ಕ್ರಿಪ್ಟ್. ಆ ಫೋಲ್ಡರ್‌ಗೆ ಸರ್ವಿಸ್ ಡೈರೆಕ್ಟರಿಯಲ್ಲಿ ಒಂದು ಸಿಮ್‌ಲಿಂಕ್ (ಶಾರ್ಟ್‌ಕಟ್ ಥರ) ಹಾಕಿದ್ರೆ ಸಾಕು, ರನ್‌ಇಟ್‌ನ ರನ್‌ಎಸ್‌ವಿಡಿಐಆರ್ ಅನ್ನೋ ಪ್ರೋಗ್ರಾಮ್ ಆ ಡೈರೆಕ್ಟರಿ ಮೇಲೆ 5 ಸೆಕೆಂಡಿಗೊಮ್ಮೆ ಕಣ್ಣಾಡಿಸ್ತಾ ಇರುತ್ತೆ, ತಾನೇ ಎತ್ಕೊಳ್ಳುತ್ತೆ. ಸ್ಕ್ರಿಪ್ಟ್‌ನ ಕೊನೇ ಸಾಲಲ್ಲಿ 'ಎಕ್ಸೆಕ್' (ಶೆಲ್ ಜಾಗಕ್ಕೆ ಅಸಲಿ ಪ್ರೋಗ್ರಾಮನ್ನೇ ತರೋ ಕಮಾಂಡ್) ಇರಲೇಬೇಕು, ಇಲ್ಲಾಂದ್ರೆ ನಿಲ್ಲಿಸು ಅಂದಾಗ ಸಿಗ್ನಲ್ ಹೋಗೋದು ಶೆಲ್‌ಗೆ, ಶೆಲ್ ಸಾಯುತ್ತೆ, ಅಸಲಿ ಪ್ರೋಗ್ರಾಮ್ ಮಾತ್ರ ಪೋರ್ಟ್ ಹಿಡ್ಕೊಂಡು ಆರಾಮಾಗಿ ಕೂತಿರುತ್ತೆ. ಎಂಜಿನ್‌ಎಕ್ಸ್ ವೆಬ್ ಸರ್ವರ್‌ಗೆ ಬ್ಯಾಕ್‌ಗ್ರೌಂಡ್‌ಗೆ ಹೋಗ್ಬೇಡ ಅಂತ 'ಡೀಮನ್ ಆಫ್' ಹೇಳಬೇಕು. ಅದು ಬ್ಯಾಕ್‌ಗ್ರೌಂಡ್‌ಗೆ ಜಾರಿಕೊಂಡ್ರೆ ರನ್‌ಇಟ್ ಪಾಲಿಗೆ ಸತ್ತಂತೆ, ಮತ್ತೆ ಮತ್ತೆ ಎಬ್ಬಿಸ್ತಾನೇ ಇರುತ್ತೆ, ಸ್ಟೇಟಸ್ ಯಾವಾಗ ನೋಡಿದ್ರೂ ಎದ್ದು 0 ಸೆಕೆಂಡು, 1 ಸೆಕೆಂಡು ಅಷ್ಟೇ.

ಲಾಗ್ ಬರೆಯೋಕೆ ರನ್‌ಇಟ್ ಜೊತೆಗೇ ಬರೋ ಎಸ್‌ವಿಲಾಗ್‌ಡಿ ಇದೆ. ಸುಮಾರು 10 ಲಕ್ಷ ಬೈಟ್ ಆದ್ರೆ ಹೊಸ ಫೈಲ್, ಹಳೇವು 10 ಉಳಿಯುತ್ತೆ. ನಾನಂತೂ ಏನೂ ಬದಲಾಯಿಸಲಿಲ್ಲ.

ಆಫೀಸಲ್ಲಿ ದಿನಾ ಸಿಸ್ಟಮ್‌ಡಿನೇ ಬಳಸೋದು, ಬೈಯೋಕೆ ಏನೂ ಇಲ್ಲ, ಯಾವುದರ ನಂತರ ಯಾವುದು ಅಂತ ಅದು ನೋಡ್ಕೊಳ್ಳೋ ಹಾಗೆ ರನ್‌ಇಟ್ ನೋಡ್ಕೊಳ್ಳಲ್ಲ. ಆದ್ರೂ ಸರ್ವಿಸ್ ಏಳೋದು ಬೀಳೋದು ಅಂದ್ರೆ ಏನು ಅಂತ ಇಷ್ಟು ಹತ್ತಿರದಿಂದ ಕಾಣಿಸಿದ್ದು ಇದರಲ್ಲೇ. ನಾಳೆ ಇದೇ ಥರದ ಇನ್ನೊಂದು ಸರ್ವಿಸ್ ಮ್ಯಾನೇಜರ್ ಎಸ್6 ನೋಡಬೇಕು, ಅದಕ್ಕೆ ಮೊದಲು ಅದಕ್ಕೆ ಬೇಕಾದ ಸ್ಕಾಲಿಬ್ಸ್ ಲೈಬ್ರರಿ ಬಿಲ್ಡ್ ಮಾಡ್ಕೋಬೇಕಂತೆ.