‘ಇಷ್ಟು ವರ್ಷ ಬಿಟ್ಟ ಮೇಲೆ ಮತ್ತೆ ಕೈ ಓಡುತ್ತಾ?’

ನಾನು ಮತ್ತೆ ಚಿತ್ರ ಬಿಡಿಸಲು ಶುರು ಮಾಡಿದ ಮೇಲೆ ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ ಇದು. ಆಫೀಸಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಬಹುತೇಕ ನನ್ನ ವಯಸ್ಸಿನವರೇ. ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟಿದವರು. ಜೀವಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ದಾಸವಾಳದ ಸೀಳುನೋಟವನ್ನು ತಮಗೂ ಬಿಡಿಸಿಕೊಂಡು ಅರ್ಧ ಕ್ಲಾಸಿಗೂ ಬಿಡಿಸಿಕೊಟ್ಟವರು. ಆಮೇಲೆ ಡಿಗ್ರಿ, ಕೆಲಸ, ಮದುವೆ, ಮಕ್ಕಳು, ಮನೆ ಸಾಲ. ಬಣ್ಣದ ಡಬ್ಬಿ ಅಟ್ಟ ಸೇರಿತು. ಈಗ ಮಕ್ಕಳು ಹಾಸ್ಟೆಲಿಗೆ ಹೋಗಿದ್ದಾರೆ, ಸಂಜೆ ಒಂದಿಷ್ಟು ಹೊತ್ತು ತಮ್ಮದಾಗಿದೆ. ಆದರೆ ಹಾಳೆ ಮುಟ್ಟಲು ಭಯ.

ಓಡುತ್ತದೆ. ಭಯಪಟ್ಟಷ್ಟು ಕಷ್ಟವಾಗುವುದಿಲ್ಲ. ಆದರೆ ಬಿಟ್ಟ ಜಾಗಕ್ಕೇ ವಾಪಸ್ ಹೋಗಿ ಅಲ್ಲಿಂದ ಮುಂದುವರಿಸುತ್ತೇನೆ ಅಂತ ಹೊರಟರೆ ಬಹಳ ಜನ ಮೊದಲ ತಿಂಗಳಲ್ಲೇ ಮತ್ತೆ ಬಿಟ್ಟುಬಿಡುತ್ತಾರೆ. ಉತ್ತರ ಉದ್ದವಾಗುವುದು ಈ ಎರಡನೇ ಮಾತಿನಿಂದ.

ಮೊದಲು ಕೈಯ ವಿಷಯ. ಗೆರೆ ಬೇಗ ಬರುತ್ತದೆ. ಪೆನ್ಸಿಲನ್ನು ಎಷ್ಟು ಒತ್ತಬೇಕು, ದುಂಡನೆಯದನ್ನು ಎಲ್ಲಿಂದ ಶುರು ಮಾಡಿ ಎಲ್ಲಿಗೆ ತಂದು ಕೂಡಿಸಬೇಕು ಎಂಬುದು ಚಿಕ್ಕಂದಿನಲ್ಲಿ ಮೈಗೆ ಹತ್ತಿದ್ದು ಸುಲಭಕ್ಕೆ ಹೋಗುವುದಿಲ್ಲ. ಅದೂ ಅಲ್ಲದೆ, ‘ನಾನು ಬಿಟ್ಟು ಯಾವ ಕಾಲವಾಯ್ತು’ ಎನ್ನುವ ಎಷ್ಟೋ ಹೆಂಗಸರು ನಿಜವಾಗಿ ಬಿಟ್ಟೇ ಇಲ್ಲ. ದಿನಾ ಬೆಳಗ್ಗೆ ಬಾಗಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಎಳೆಯುವವರ ಕೈಗೆ ಅಳತೆ, ಅಂತರ, ಒಂದೇ ಉಸಿರಿನಲ್ಲಿ ಎಳೆಯುವ ಬಳುಕು ಎಲ್ಲ ಇದ್ದೇ ಇದೆ. ಕಪ್ಪು ಹಲಗೆಯ ಮೇಲೆ ಭೂಪಟ ಬರೆಯುವ ಮೇಷ್ಟ್ರಿಗೂ, ಬಟ್ಟೆ ಕತ್ತರಿಸುವವರಿಗೂ ಹಾಗೆಯೇ. ರಂಗೋಲಿಯ ಕೈಗೆ ಹೊಸದಾಗಿ ಕಲಿಯಬೇಕಾದದ್ದು ಒಂದೇ: ಎಡಬಲ ಸಮ ಇಲ್ಲದ್ದನ್ನು ಇದ್ದ ಹಾಗೆಯೇ ಬಿಡುವುದು. ಒಂದು ಕಡೆ ವಾಲಿದ ನುಗ್ಗೆ ಮರವನ್ನು ಆ ಕೈ ತನಗೆ ಗೊತ್ತಿಲ್ಲದೆಯೇ ನೆಟ್ಟಗೆ ನಿಲ್ಲಿಸಿಬಿಡುತ್ತದೆ.

ತಡವಾಗಿ ಬರುವುದು ನೀರಿನ ಹಿಡಿತ. ನಾನು ಮಾಡುವುದು ಜಲವರ್ಣ, ಹಾಗಾಗಿ ಅದನ್ನೇ ಹೇಳುತ್ತೇನೆ. ಕುಂಚದಲ್ಲಿ ಎಷ್ಟು ನೀರಿದೆ, ಹಾಳೆಯ ಮೇಲೆ ಎಷ್ಟಿದೆ, ಎರಡರಲ್ಲಿ ಯಾವುದು ಹೆಚ್ಚು ಎಂಬುದನ್ನು ಕ್ಷಣಕ್ಷಣಕ್ಕೆ ಅಂದಾಜು ಮಾಡಬೇಕು. ಅರ್ಧ ಆರಿದ ಬಣ್ಣದ ಮೇಲೆ ನೀರು ಹೆಚ್ಚಿದ್ದ ಕುಂಚ ಇಟ್ಟರೆ, ಆ ನೀರು ಬಣ್ಣವನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಮುರುಕು ಮುರುಕಾದ ಕಲೆ ಕಟ್ಟುತ್ತದೆ. ಇದು ಹವೆಗೆ ತಕ್ಕಂತೆ ಬದಲಾಗುತ್ತದೆ ಕೂಡ. ಮಾರ್ಚ್ ತಿಂಗಳ ಬೆಂಗಳೂರಿನಲ್ಲಿ ಆಕಾಶ ಬಳಿದು ಮುಗಿಸುವಷ್ಟರಲ್ಲಿ ಮೇಲಿನ ಅಂಚು ಒಣಗಿರುತ್ತದೆ. ಜುಲೈಯಲ್ಲಿ ತೀರ್ಥಹಳ್ಳಿಯಲ್ಲಿ ಕೂತರೆ ಅದೇ ಆಕಾಶ ಕಾಫಿ ಕುಡಿದು ಬಂದರೂ ಆರಿರುವುದಿಲ್ಲ. ಈ ಅಂದಾಜು ಕೈ ಆಡಿಸುತ್ತಾ ಹೋದರೆ ಬರುತ್ತದೆ, ಬೇರೆ ದಾರಿಯಿಲ್ಲ.

ಇಷ್ಟೇ ಆಗಿದ್ದರೆ ಯಾರೂ ಬಿಡುತ್ತಿರಲಿಲ್ಲ. ಬಿಟ್ಟುಬಿಡುವಂತೆ ಮಾಡುವುದು ಕಣ್ಣು. ಕೈ ಸುಮ್ಮನಿದ್ದ ಇಷ್ಟೂ ವರ್ಷ ಕಣ್ಣು ಸುಮ್ಮನಿರಲಿಲ್ಲ. ಚಿತ್ರಕಲಾ ಪರಿಷತ್ತಿನವರು ಜನವರಿಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಉದ್ದಕ್ಕೂ ನಡೆದಿದ್ದೀರಿ, ಒಳ್ಳೆಯ ಸಿನಿಮಾ ನೋಡಿದ್ದೀರಿ, ಫೋನಿನಲ್ಲಿ ದಿನಾ ನೂರಾರು ಚಿತ್ರ ನೋಡುತ್ತೀರಿ. ಯಾವುದು ಚೆನ್ನಾಗಿದೆ ಅಂತ ನಿಮಗೆ ಈಗ ಹದಿನಾರರ ವಯಸ್ಸಿಗಿಂತ ಎಷ್ಟೋ ಚೆನ್ನಾಗಿ ಗೊತ್ತು. ಆ ಕಣ್ಣಿಟ್ಟುಕೊಂಡು ನಿಮ್ಮದೇ ಮೊದಲ ಹಾಳೆ ನೋಡಿದಾಗ ಎದೆ ಕುಸಿಯುತ್ತದೆ. ‘ಮೊದಲು ಎಷ್ಟು ಚೆನ್ನಾಗಿ ಬಿಡಿಸುತ್ತಿದ್ದೆ’ ಎನ್ನುತ್ತೀರಿ. ಆಗಿನ ಚಿತ್ರಗಳನ್ನು ಒಮ್ಮೆ ಹೊರತೆಗೆದು ನೋಡಿ. ಅವು ಇಷ್ಟೇ ಚೆನ್ನಾಗಿದ್ದವು. ನೋಡುವ ಕಣ್ಣಿಗೆ ಅಷ್ಟು ಸಾಕಾಗಿತ್ತು. ಹಾಗಾಗಿ ಈಗಿನ ಬೇಸರವನ್ನು ಕೈ ಹೋಯಿತು ಎಂಬುದಕ್ಕೆ ಸಾಕ್ಷಿ ಅಂತ ತಿಳಿಯಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಕಣ್ಣು ಮುಂದೆ ಹೋಗಿದೆ, ಕೈ ಹಿಂದಿನಿಂದ ಬರಬೇಕು. ದಿನಾ ಕೂತರೆ ಆ ಅಂತರ ಕಡಿಮೆಯಾಗುವುದು ಕಾಣುತ್ತದೆ.

ಅಂತರ ಕಡಿಮೆ ಮಾಡುವುದರಲ್ಲಿ ಸಾಮಾನಿನದೂ ಪಾಲಿದೆ. ಇಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ಹಣ ಖರ್ಚು ಮಾಡುವುದಾದರೆ ಮೊದಲು ಹಾಳೆಗೆ ಮಾಡಿ. ಬಣ್ಣ ಎರಡನೆಯದು, ಕುಂಚ ಮೂರನೆಯದು. ನಾವೆಲ್ಲ ಶಾಲೆಯಲ್ಲಿ ಬಳಸಿದ್ದು ತೆಳ್ಳನೆಯ ಡ್ರಾಯಿಂಗ್ ಶೀಟು. ನೀರು ತಾಗಿದ ಕೂಡಲೇ ಅಲೆ ಅಲೆಯಾಗಿ ಏಳುತ್ತದೆ, ತಗ್ಗಿನಲ್ಲಿ ಬಣ್ಣ ನಿಲ್ಲುತ್ತದೆ, ಎರಡು ಸಲ ಉಜ್ಜಿದರೆ ಮೇಲ್ಮೈ ಸುಲಿದು ಬರುತ್ತದೆ. ಅದರ ಮೇಲೆ ಎಂಥ ಪಳಗಿದ ಕೈಯೂ ಸೋಲುತ್ತದೆ. ಚದರ ಮೀಟರಿಗೆ 300 ಗ್ರಾಂ ತೂಕದ, ಹತ್ತಿಯಿಂದ ಮಾಡಿದ ಹಾಳೆ ಕೇಳಿ ತನ್ನಿ. ಹತ್ತಿಯ ನಾರು ನೀರನ್ನು ಹೆಚ್ಚು ಹೊತ್ತು ಹಿಡಿದಿಡುವುದರಿಂದ ಒದ್ದೆಯಲ್ಲೇ ಬಣ್ಣ ಬೆರೆಸಲು ಬಿಡುವು ಸಿಗುತ್ತದೆ. ದುಬಾರಿ ನಿಜ. ಆದರೆ 22 ಇಂಚು ಅಗಲ 30 ಇಂಚು ಉದ್ದದ ಪೂರ್ತಿ ಶೀಟು ಕೊಂಡು ಎಂಟು ತುಂಡು ಮಾಡಿದರೆ ಒಂದೊಂದೂ 11 ಇಂಚು, ಏಳೂವರೆ ಇಂಚಿನದಾಗುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಅದಕ್ಕಿಂತ ದೊಡ್ಡದು ಬೇಡ. ಹಿಂಬದಿಯಲ್ಲೂ ಬಿಡಿಸಬಹುದು.

ಮಲೆನಾಡು, ಕರಾವಳಿಯವರಿಗೆ ಒಂದು ಎಚ್ಚರಿಕೆ. ಕಾಗದದ ಮೇಲೆ ನೀರು ಒಮ್ಮೆಗೇ ಇಂಗದಂತೆ ತಡೆಯಲು ಅಂಟಿನ ಲೇಪ ಕೊಟ್ಟಿರುತ್ತಾರೆ. ಮಳೆಗಾಲದ ಥಂಡಿಯಲ್ಲಿ ಬೂಸಲು ಹಿಡಿದು ಆ ಲೇಪ ಅಲ್ಲಲ್ಲಿ ಹೋಗಿಬಿಡುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಬಣ್ಣ ಹಚ್ಚಿದ ಮೇಲೆ ಚುಕ್ಕೆ ಚುಕ್ಕೆಯಾಗಿ ಇಂಗಿಕೊಂಡು ಕಪ್ಪಾಗುತ್ತದೆ. ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಮುಚ್ಚಿ, ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ ಮರದ ಬೀರುವಿನಲ್ಲಿಡಿ.

ಅಟ್ಟದ ಮೇಲಿನ ಹಳೇ ಬಣ್ಣ ಬಿಸಾಡಬೇಕೇ ಅಂತಲೂ ಕೇಳುತ್ತಾರೆ. ಕಲ್ಲಿನಂತೆ ಗಟ್ಟಿಯಾದ ಜಲವರ್ಣದ ಟ್ಯೂಬನ್ನು ಬಿಸಾಡಬೇಡಿ. ಅದರಲ್ಲಿರುವುದು ಅರಬ್ಬಿ ಗೋಂದು, ನೀರು ಬಿದ್ದರೆ ಮತ್ತೆ ಕರಗುತ್ತದೆ. ಬ್ಲೇಡಿನಿಂದ ಟ್ಯೂಬನ್ನು ಸೀಳಿ, ಒಳಗಿನ ಗಟ್ಟಿಯನ್ನು ಪ್ಯಾಲೆಟ್ಟಿನಲ್ಲಿಟ್ಟು ಕೇಕಿನ ಹಾಗೆ ಬಳಸಿ. ಅಕ್ರಿಲಿಕ್ ಒಣಗಿದ್ದರೆ ಮಾತ್ರ ಅದು ಮುಗಿದ ಕಥೆ. ನಾತ ಹೊಡೆಯುವ ಪೋಸ್ಟರ್ ಕಲರ್ ಬಾಟಲಿಯನ್ನೂ ಇಟ್ಟುಕೊಳ್ಳಬೇಡಿ. ಹೊಸದಾಗಿ ಕೊಳ್ಳುವುದಾದರೆ ಇಪ್ಪತ್ನಾಲ್ಕು ಬಣ್ಣದ ಡಬ್ಬಿ ಬೇಡ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ, ನಿಂಬೆ ಹಳದಿ, ಒಂದು ಕೆಂಪು, ಇಷ್ಟು ಸಾಕು. ಅಲ್ಟ್ರಾಮರೀನಿಗೆ ಸಿಯೆನ್ನಾ ಬೆರೆಸಿದರೆ ಮಳೆ ಮೋಡದ ತಣ್ಣನೆಯ ಬೂದಿಯಿಂದ ಹಳೇ ಗೋಡೆಯ ಬೆಚ್ಚನೆಯ ಬೂದಿಯವರೆಗೆ ಎಲ್ಲ ಸಿಗುತ್ತದೆ. ಸಿಯೆನ್ನಾ ಒಂದೇ ಸಾಕು ಮಂಗಳೂರು ಹೆಂಚಿಗೆ. ಹಸಿರನ್ನು ಕೊಳ್ಳಲೇಬೇಡಿ. ಡಬ್ಬಿಯ ಹಸಿರು ಒಂದೇ ಥರ, ನಮ್ಮ ಮರಗಳ ಹಸಿರು ಒಂದೇ ಥರ ಇಲ್ಲ. ಅಲ್ಟ್ರಾಮರೀನಿಗೆ ಓಕರ್ ಸೇರಿಸಿದರೆ ಮಳೆಮರದ ಮಂಕು ಹಸಿರು, ಅದೇ ನೀಲಿ ಒಂದು ಹನಿಯಷ್ಟಕ್ಕೆ ನಿಂಬೆ ಹಳದಿ ಹೆಚ್ಚು ಸೇರಿಸಿದರೆ ಯುಗಾದಿ ಹೊತ್ತಿನ ಹೊಂಗೆ ಚಿಗುರಿಗೆ ಹತ್ತಿರ.

ನಲವತ್ತೈದು ದಾಟಿದವರಿಗೆ ಯಾರೂ ಮುಂಚೆ ಹೇಳದ ತೊಂದರೆ ಇನ್ನೊಂದಿದೆ, ಚಾಳೀಸು. ಎದುರಿನ ಮರ ಕಾಣಬೇಕಾದರೆ ಕನ್ನಡಕ ತೆಗೆಯಬೇಕು, ಹಾಳೆ ಕಾಣಬೇಕಾದರೆ ಹಾಕಬೇಕು. ತೆಗೆದು ಹಾಕಿ ತೆಗೆದು ಹಾಕಿ ನೋಡಿದ್ದೇ ಮರೆತುಹೋಗುತ್ತದೆ. ಎಷ್ಟೋ ಜನ ಇದನ್ನು ಏಕಾಗ್ರತೆ ಹೋಯಿತು ಅಂದುಕೊಳ್ಳುತ್ತಾರೆ. ಹಾಳೆಯನ್ನು ಮೇಜಿನ ಮೇಲೆ ಮಲಗಿಸದೆ ಹಲಗೆಗೆ ಅಂಟಿಸಿ, ಒರಗಿಸಿ, ತೋಳುದ್ದ ದೂರದಲ್ಲಿಟ್ಟುಕೊಂಡರೆ ಅರ್ಧ ತೊಂದರೆ ಹೋಗುತ್ತದೆ. ಆಗ ಮಣಿಕಟ್ಟಿನ ಬದಲು ಭುಜದಿಂದ ಗೆರೆ ಎಳೆಯಬೇಕಾಗುತ್ತದೆ, ಅದು ಚಿತ್ರಕ್ಕೂ ಒಳ್ಳೆಯದು, ಕತ್ತು ನೋವಿಗೂ ಒಳ್ಳೆಯದು. ಉಳಿದರ್ಧಕ್ಕೆ ಕಣ್ಣಿನ ಡಾಕ್ಟರ ಹತ್ತಿರ ನಿಮ್ಮ ಹಾಳೆ ಎಷ್ಟು ದೂರದಲ್ಲಿರುತ್ತದೆ ಅಂತ ಹೇಳಿ ಅದಕ್ಕೆ ತಕ್ಕ ಪವರ್ ಬರೆಸಿಕೊಳ್ಳಿ.

ಈಗ ಬಿಟ್ಟ ಜಾಗಕ್ಕೆ ಹೋಗಬೇಡಿ ಎಂದ ಮಾತಿಗೆ ಬರುತ್ತೇನೆ. ಶಾಲೆಯಲ್ಲಿ ನಾವು ಬಿಡಿಸುತ್ತಿದ್ದದ್ದು ಹೆಚ್ಚಿನಂಶ ಬೇರೆಯವರ ಕಣ್ಣಿಗೆ ಬಿದ್ದದ್ದನ್ನು. ಕ್ಯಾಲೆಂಡರಿನ ಸರಸ್ವತಿ, ಗ್ರೀಟಿಂಗ್ ಕಾರ್ಡಿನ ಸೂರ್ಯಾಸ್ತ, ಎರಡು ಗುಡ್ಡದ ನಡುವಿನಿಂದ ಇಳಿದು ಬರುವ ಹೊಳೆ. ಅವನ್ನು ನಕಲು ಮಾಡಿ ಕೈ ಪಳಗಿತು, ಅದಕ್ಕೆ ಕೃತಜ್ಞತೆ ಇದೆ. ಆದರೆ ನಡುವೆ ನೀವೊಂದು ಬದುಕು ಬದುಕಿದ್ದೀರಿ. ಇಪ್ಪತ್ತು ವರ್ಷ ಒಂದೇ ಬಸ್ ಸ್ಟಾಪಿನಲ್ಲಿ ನಿಂತವರಿಗೆ ಆ ಸ್ಟಾಪಿನ ಮರ ಗೊತ್ತು. ಅಪ್ಪನ ಆರೈಕೆ ಮಾಡಿದವರಿಗೆ ಮಂಚದ ಪಕ್ಕದ ಸ್ಟೂಲು, ಅದರ ಮೇಲಿನ ಲೋಟ ಗೊತ್ತು. ಅದು ಹದಿನಾರರಲ್ಲಿ ನಿಮ್ಮ ಹತ್ತಿರ ಇರಲಿಲ್ಲ.

ರುಮಾಲೆ ಚನ್ನಬಸವಯ್ಯನವರನ್ನು ನಾನು ಇಲ್ಲಿ ನೆನೆಯದೆ ಇರಲಾರೆ. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದವರು. ಬೆಂಗಳೂರಿನ ಕಲಾಮಂದಿರದಲ್ಲಿ, ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಚಿತ್ರ ಕಲಿತರು. ಆಮೇಲೆ ಸ್ವಾತಂತ್ರ್ಯ ಚಳವಳಿ ಎಳೆದುಕೊಂಡಿತು. ಜೈಲು, ಸೇವಾದಳ, ‘ತಾಯಿನಾಡು’ ಪತ್ರಿಕೆಯ ಕೆಲಸ, ರಾಜಕಾರಣ ಹೀಗೆ ದಶಕಗಳು ಸಾರ್ವಜನಿಕ ಬದುಕಿಗೆ ಹೋದವು. ಮತ್ತೆ ಪೂರ್ತಿಯಾಗಿ ಕುಂಚಕ್ಕೆ ಮರಳಿದ್ದು 1960ರ ದಶಕದಲ್ಲಿ, ಐವತ್ತು ದಾಟಿದ ಮೇಲೆ. ಮರಳಿದವರು ಬೆಂಗಳೂರಿನ ರಸ್ತೆ, ಉದ್ಯಾನಗಳಲ್ಲಿ ಕೂತು ಗುಲ್‌ಮೊಹರ್, ಜಕರಂಡ, ಟಬೂಬಿಯಾ ಹೂ ಬಿಟ್ಟ ಹೊತ್ತನ್ನು ಹಿಡಿದರು. 1988ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಕೆಲಸ. ಆ ಚಿತ್ರಗಳ ಮುಂದೆ ನಿಂತರೆ ನಡುವಿನ ವರ್ಷಗಳು ವ್ಯರ್ಥವಾದವು ಅನ್ನಿಸುವುದಿಲ್ಲ. ಒಂದು ಊರಿಗಾಗಿ ಅಷ್ಟು ದುಡಿದವರು ಮಾತ್ರ ಆ ಊರಿನ ಮರವನ್ನು ಅಷ್ಟು ಪ್ರೀತಿಯಿಂದ ಬಿಡಿಸಲು ಸಾಧ್ಯ ಅಂತ ನನಗನ್ನಿಸುತ್ತದೆ. ಅವರು ಹವ್ಯಾಸಿಯಲ್ಲ, ದೊಡ್ಡ ಕಲಾವಿದರು. ಆದರೆ ‘ಈ ವಯಸ್ಸಲ್ಲಿ ಏನು’ ಎನ್ನುವವರಿಗೆ ಹೇಳಲು ನನ್ನ ಹತ್ತಿರ ಅವರಿಗಿಂತ ಒಳ್ಳೆಯ ಉತ್ತರವಿಲ್ಲ.

‘ಮಾರ್ತೀರಾ?’ ಎಂಬ ಪ್ರಶ್ನೆ ಬೆನ್ನಲ್ಲೇ ಬರುತ್ತದೆ. ಇಲ್ಲ. ಮಾರುವುದು ತಪ್ಪೇನಲ್ಲ, ಅದರಿಂದಲೇ ಅನ್ನ ತಿನ್ನುವವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಮರಳಿ ಬಂದವರು ಮೊದಲ ಎರಡು ವರ್ಷವಾದರೂ ಮಾರುವ ಯೋಚನೆ, ದಿನಕ್ಕೊಂದು ಪೋಸ್ಟ್ ಹಾಕುವ ಯೋಚನೆ ಎರಡನ್ನೂ ದೂರ ಇಡುವುದು ಒಳ್ಳೆಯದು. ಜನ ಮೆಚ್ಚಿದ ಒಂದೇ ಥರದ್ದನ್ನು ಮತ್ತೆ ಮತ್ತೆ ಮಾಡಲು ಶುರುವಾಗುತ್ತದೆ, ಕೈ ಅಲ್ಲೇ ನಿಂತುಬಿಡುತ್ತದೆ.

ಒಬ್ಬರೇ ಕೂರಲು ಆಗದಿದ್ದರೆ ಜೊತೆ ಹುಡುಕಿಕೊಳ್ಳಿ. ಗೇಬ್ರಿಯಲ್ ಕ್ಯಾಂಪನಾರಿಯೋ ಎಂಬ ಪತ್ರಕರ್ತ ಸಿಯಾಟಲ್‌ನಲ್ಲಿ 2007ರಲ್ಲಿ ಶುರು ಮಾಡಿದ ಅರ್ಬನ್ ಸ್ಕೆಚರ್ಸ್ ಎಂಬ ಚಿತ್ರ ಬಿಡಿಸುವವರ ಬಳಗ ಈಗ ಊರೂರಿಗೂ ಹಬ್ಬಿದೆ. ಅವರ ಮುಖ್ಯ ನಿಯಮ, ಫೋಟೊ ನೋಡಿ ಅಲ್ಲ, ಸ್ಥಳದಲ್ಲೇ ಕೂತು ಕಂಡದ್ದನ್ನು ಬಿಡಿಸಬೇಕು. ಇಂಥ ಗುಂಪಿನಲ್ಲಿ ಎಲ್ಲರೂ ಕೊನೆಗೆ ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಇಡುತ್ತಾರೆ. ಒಂದೇ ದೇವಸ್ಥಾನದ ಗೋಪುರವನ್ನು ಹತ್ತು ಜನ ಹತ್ತು ಥರ ಬಿಡಿಸಿರುವುದನ್ನು ನೋಡಿದ ಮೇಲೆ ನನ್ನದು ಸರಿಯೋ ತಪ್ಪೋ ಎಂಬ ಪ್ರಶ್ನೆ ತಾನಾಗಿ ಹಿಂದೆ ಸರಿಯುತ್ತದೆ. ಬೀದಿಯಲ್ಲಿ ಕೂತಾಗ ಜನ ಬಂದು ಇಣುಕುತ್ತಾರಲ್ಲ ಎಂಬ ನಾಚಿಕೆಯೂ ಗುಂಪಿನಲ್ಲಿ ಕಡಿಮೆ.

ಶಿಸ್ತಾಗಿ ಕ್ಲಾಸಿಗೆ ಸೇರಬೇಕೇ ಎಂದರೆ, ಮೊದಲ ಮೂರ್ನಾಲ್ಕು ತಿಂಗಳು ಬೇಡ. ನಿಮ್ಮ ಕೈಯಲ್ಲಿ ಏನು ಉಳಿದಿದೆ ಅಂತ ನಿಮಗೇ ಗೊತ್ತಾಗಲಿ. ಆಮೇಲೆ ಯಾವುದು ಬರುತ್ತಿಲ್ಲವೋ ಅದೊಂದನ್ನು ಕೇಳಿಕೊಂಡು ಹೋಗಿ. ದೂರ ಹತ್ತಿರ ತೋರಿಸುವ ಪರ್‌ಸ್ಪೆಕ್ಟಿವ್ ಬರುತ್ತಿಲ್ಲ, ಮನುಷ್ಯರ ಕೈಬೆರಳು ಬರುತ್ತಿಲ್ಲ ಎಂದು ಹೇಳಿಕೊಂಡು ಹೋದ ವಿದ್ಯಾರ್ಥಿಗೆ ಒಳ್ಳೆಯ ಗುರುಗಳು ಒಂದೇ ಸಂಜೆಯಲ್ಲಿ ಎಷ್ಟೋ ಕೊಡಬಲ್ಲರು.

ಇನ್ನು ಯಾವುದರಿಂದ ಶುರು ಮಾಡಲಿ ಎಂದರೆ, ಅಡುಗೆಮನೆಯಿಂದ. ಸಿಪ್ಪೆ ಅರ್ಧ ಬಿಚ್ಚಿದ ಈರುಳ್ಳಿಯೊಂದನ್ನು ಕಿಟಕಿಯ ಪಕ್ಕ ಇಡಿ, ಬೆಳಕು ಒಂದೇ ಕಡೆಯಿಂದ ಬೀಳಲಿ. ಮೊದಲ ದಿನ 2ಬಿ ಪೆನ್ಸಿಲಿನಲ್ಲಿ ಗೆರೆ ಮಾತ್ರ. ಮರುದಿನ ಅದೇ ಈರುಳ್ಳಿಯನ್ನು ಬರೀ ಸಿಯೆನ್ನಾದಲ್ಲಿ, ನೀರು ಹೆಚ್ಚು ಕಡಿಮೆ ಮಾಡುತ್ತಾ, ಬೆಳಕು ಬಿದ್ದಲ್ಲಿ ಹಾಳೆಯನ್ನು ಬಿಳಿಯಾಗಿಯೇ ಬಿಟ್ಟು ಬಿಡಿಸಿ. ಮೂರನೇ ದಿನ ಅಲ್ಟ್ರಾಮರೀನ್ ಸೇರಿಸಿ ನೆರಳು ಹಾಕಿ. ನೆರಳು ಕಪ್ಪಲ್ಲ ಅಂತ ಅವತ್ತು ಕಾಣುತ್ತದೆ. ಮೂರೂ ಹಾಳೆಯ ಹಿಂದೆ ತಾರೀಖು ಬರೆದು ಫೈಲಿಗೆ ಹಾಕಿ. ಚೆನ್ನಾಗಿ ಬಂದಿಲ್ಲ ಅಂತ ಹರಿಯಬೇಡಿ. ಈರುಳ್ಳಿ ಸಾಕೆನಿಸಿದಾಗ ನುಗ್ಗೆಕಾಯಿ, ಸ್ಟೀಲ್ ಲೋಟ, ಮಡಿಚಿಟ್ಟ ಪಂಚೆ. ಆರು ತಿಂಗಳ ನಂತರ ಫೈಲು ತೆಗೆದುಕೊಂಡು ಬನ್ನಿ, ಕೂತು ಒಟ್ಟಿಗೆ ನೋಡೋಣ.